ಈ ವರ್ಷದ ಕಿತ್ತಳೆ ಹೂನೀರು

ನಾಬುಲ್, ಮೇ ೨೬

ಪ್ರೀತಿಯ ರೌದಾ,

ನೀನೂ ಅಳಿಯಂದಿರೂ ಕ್ಷೇಮವೆಂದು ನಂಬಿದ್ದೇನೆ. ಎರಡು ಕಾಗದ ಬರೆದರೂ ಅಮ್ಮ ಉತ್ತರಿಸಲಿಲ್ಲವೆಂದು ಮುನಿಸಿಕೊಂಡಿರುತ್ತೀಯ, ಸರಿಯೇ. ಒಳ್ಳೆಯ ಸುದ್ದಿ ಸಿಕ್ಕ ಮೇಲೆಯೇ ಬರೆಯೋಣವೆಂದು ಕಾದೆ. ಈಗ ಸಿಕ್ಕಿದೆ: ನನ್ನ ಮೂಗು ತಿರುಗಿ ಬಂದಿದೆ.

ಹೋದದ್ದು ಮೊದಲಿಗೆ ನನಗೇ ತಿಳಿಯಲಿಲ್ಲ. ಚಳಿಗಾಲದ ಜ್ವರ, ನೆಗಡಿ ಬಿಟ್ಟ ಮೇಲೆ ಊಟ ಸಪ್ಪೆಯೆನಿಸಿದಾಗ, ವಯಸ್ಸಾಯಿತೆಂದುಕೊಂಡು ಖಾರ ಹೆಚ್ಚು ಹಾಕಿಕೊಂಡೆ. ಏಪ್ರಿಲ್‌ನಲ್ಲಿ ಕಿತ್ತಳೆ ಹೂವು ಬಂತು. ತಾಮ್ರದ ಹಂಡೆಗೆ ತುಂಬಿ ಒಲೆ ಹೊತ್ತಿಸಿದೆ. ಆವಿ ತಣಿದು ಹನಿಯುವ ನೀರಿನ ಪರಿಮಳ ತೆಳುವಾದಾಗ ಬೆಂಕಿ ಆರಿಸಬೇಕು. ನಾನು ಎಂದೂ ಗಡಿಯಾರ ನೋಡಿದವಳಲ್ಲ. ಕಾದು ಕೂತೆ. ಗೋಡೆಯಾಚೆಯಿಂದ ನಿನ್ನ ಸೋದರತ್ತೆ ದೂಜಾ ಕೂಗಿದಳು:

"ಅತ್ತಿಗೇ, ಹೂವಿನ ನೀರು ಇಳಿಸ್ತಿದ್ದೀರೋ, ಹಳೇ ಚಪ್ಪಲಿ ಸುಡ್ತಿದ್ದೀರೋ?"

ಮುಚ್ಚಳ ತೆಗೆದರೆ ತಳ ಕಪ್ಪಾಗಿತ್ತು. ಬಗ್ಗಿ ಮೂಸಿದೆ. ಏನೂ ಇಲ್ಲ.

ತಲೆಯೊಳಗೆ ಗಡ್ಡೆಯಿರಬಹುದೆಂದು ನಡುಗಿಹೋದೆ. ದೂಜಾ ಆಸ್ಪತ್ರೆಗೆ ಎಳೆದೊಯ್ದಳು. ಸ್ಕ್ಯಾನ್ ನೋಡಿ ಡಾಕ್ಟರಮ್ಮ ನಕ್ಕರು. "ಗಡ್ಡೆಗಿಡ್ಡೆ ಏನಿಲ್ಲಮ್ಮಾ. ಆ ಜ್ವರದ ವೈರಸ್ ವಾಸನೆಯ ನರಕ್ಕೆ ಪೆಟ್ಟು ಕೊಟ್ಟಿದೆ. ದಿನಾ ಲವಂಗ, ನಿಂಬೆ ಮನಸ್ಸಿಟ್ಟು ಮೂಸಿ. ನಿಧಾನಕ್ಕೆ ಬರುತ್ತೆ."

"ಊರವರ ಅಡುಗೆಮನೆಗೆಲ್ಲ ಮೂಗು ತೂರಿಸ್ತಿದ್ರಲ್ಲ, ಸವೆದಿರುತ್ತೆ ಬಿಡಿ," ಎಂದಳು ದೂಜಾ. ದಾರಿಯುದ್ದಕ್ಕೂ ನನ್ನ ಕೈ ಮಾತ್ರ ಬಿಡಲಿಲ್ಲ.

ಮೊನ್ನೆ ಮಧ್ಯಾಹ್ನ ಅದು ಬಂತು. ಹೂವಲ್ಲ, ನಿಂಬೆಯಲ್ಲ. "ದೂಜಾ! ನಿನ್ನ ಮೀನು ನಾರ್ತಿದೆ ಕಣೇ!" ಎಂದು ಕಿರುಚಿದೆ. ಸೌಟು ಹಿಡಿದೇ ಓಡಿಬಂದು ನನ್ನನ್ನು ತಬ್ಬಿಕೊಂಡು ಅತ್ತಳು. ಆ ಮೀನೂ ಸೀದುಹೋಯಿತು. ಅದರ ವಾಸನೆಯನ್ನೂ ಇಬ್ಬರೂ ಕೂತು ಸವಿದೆವು.

ಅವಳು ತನ್ನ ಪಾಲಿನ ಹೂನೀರಿನಲ್ಲಿ ಒಂದು ಸೀಸೆ ಕೊಟ್ಟಿದ್ದಾಳೆ. ಹಬ್ಬಕ್ಕೆ ಬಂದಾಗ ನಿನ್ನ ಕಾಫಿಗೆ ನಾನೇ ಹನಿಸುತ್ತೇನೆ. ದೇವರು ನಿನ್ನ ಮನೆಯನ್ನು ತಂಪಾಗಿಡಲಿ, ಮಗಳೇ.

ನಿನ್ನ ಅಮ್ಮ,
ಮೊಂಜಿಯಾ

ಇನ್ನೊಂದು ಮಾತು. ಬಂದವಳೇ, ಪ್ರತಿ ಸಲದ ಹಾಗೆ, ಬಾಗಿಲ ಹಿಂದೆ ತೂಗುವ ನಿನ್ನ ಅಪ್ಪನ ಉಣ್ಣೆಯ ನಿಲುವಂಗಿಗೆ ಮುಖ ಒತ್ತಬೇಡ. ಹೂವು ಬರುವ ಮುಂಚೆ ಮನೆಯ ಉಣ್ಣೆಯನ್ನೆಲ್ಲ ಒಗೆಯುತ್ತೇವಲ್ಲ, ಅವರು ಹೋದಂದಿನಿಂದ ಅದೊಂದನ್ನು ಮುಟ್ಟಿರಲಿಲ್ಲ. ಈ ಸಲ ಮೂಸಿ ನೋಡಿದೆ. ಅವರ ಕುಂಬಾರಿಕೆಯ ಜೇಡಿಮಣ್ಣಿನ ವಾಸನೆಯೂ ಇಲ್ಲ, ತಂಬಾಕಿನದೂ ಇಲ್ಲ. ಕೊನೆಗೂ ಆರಿಹೋಯಿತೆಂದುಕೊಂಡು ಕಂಬಳಿಗಳ ಜೊತೆ ಒಗೆದುಬಿಟ್ಟೆ. ಮೂಗು ಹೋಗಿದೆಯೆಂದು ಆಗ ನನಗೆ ಗೊತ್ತಿರಲಿಲ್ಲ. ಇವತ್ತು ಮತ್ತೆ ಮೂಸಿದೆ. ಸಾಬೂನಿನ ವಾಸನೆ ಚೆನ್ನಾಗಿ ಬರುತ್ತದೆ.