ಲಿಫ್ಟ್ ಹತ್ತಬೇಡ ಅಂತ ಹೇಳಿ

ಬುಧವಾರ, ಮಧ್ಯಾಹ್ನ

ಮಗಳ ಅಮ್ಮನಿಗೆ,

ಹೇಗಿದ್ದೀಯ ಎಂದು ಕೇಳಲು ಧೈರ್ಯ ಬರುತ್ತಿಲ್ಲ. ನಾವು ಬೇರೆಯಾದ ಮೇಲೆ ನಿನಗೆ ಬರೆಯುತ್ತಿರುವ ಮೊದಲ ಪತ್ರ ಇದು. ಫೋನ್ ಮಾಡಬಹುದಿತ್ತು. ಆದರೆ ಫೋನ್ ಎಂದರೇ ಈಗ ನನಗೆ ಭಯ.

ಕರೆಂಟ್ ಹೋದ ಆ ದಿನದ ಬಿಸಿಲಿಗೆ ಊರಿನ ಫ್ಯಾನು, ಎ.ಸಿ.ಗಳೆಲ್ಲ ಒಟ್ಟಿಗೆ ಓಡುತ್ತಿದ್ದವು. ಊರಿಗೆ ಕರೆಂಟ್ ಹಂಚುವ ನಮ್ಮ ನಿಯಂತ್ರಣ ಕೊಠಡಿಯ ಪರದೆಯ ಮೇಲೆ ನಿಮ್ಮ ಕಂಪನಿಯ ದೊಡ್ಡ ವಿದ್ಯುತ್ ಘಟಕ ಇದ್ದಕ್ಕಿದ್ದಂತೆ ಸೊನ್ನೆಗೆ ಇಳಿಯಿತು. ಸರ್ಕಾರ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟುಕೊಟ್ಟ ಮೇಲೆ ಈ ಆಟ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಒಂದು ಘಟಕ ನಿಲ್ಲಿಸಿ ಅಭಾವ ಹುಟ್ಟಿಸಿದರೆ ಉಳಿದವುಗಳ ವಿದ್ಯುತ್ತಿಗೆ ಬಾಯಿಗೆ ಬಂದ ಬೆಲೆ. ನಿಮ್ಮ ಮಾರಾಟ ವಿಭಾಗಕ್ಕೆ ಕರೆ ಮಾಡಿದೆ. ಎತ್ತಿದವಳು ನೀನು.

ಆಫೀಸಿನ ಫೋನಿನಲ್ಲಿ ನಾವಿಬ್ಬರೂ ನೀವು, ತಾವು. ಮನೆಯಲ್ಲಿ ಇಷ್ಟು ಮರ್ಯಾದೆ ಇದ್ದಿದ್ದರೆ ಬೇರೆಯಾಗುತ್ತಲೇ ಇರಲಿಲ್ಲವೇನೋ. ಬಾಯ್ಲರ್ ರಿಪೇರಿಯಲ್ಲಿದೆ ಎಂದು ನೀನು ಹೇಳಿದಾಗ ದನಿ ಮೆತ್ತಗಾಯಿತು. ನಿನ್ನ ಜೊತೆ ಸಂಸಾರ ಮಾಡಿದವನಿಗೆ ಅದರ ಅರ್ಥ ಗೊತ್ತು. ಇನ್ನೇನು ಫೋನ್ ಇಡಬೇಕು, ನೀನು ಪಿಸುಗುಟ್ಟಿದೆ: "ಮಗಳಿಗೆ ಇವತ್ತು ಲಿಫ್ಟ್ ಹತ್ತಬೇಡ ಅಂತ ಹೇಳಿ."

ಅವಳಿಗೆ ಫೋನ್ ಮಾಡಿದೆ. ಆಮೇಲೆ ಯಾವ ಯಾವ ಬಡಾವಣೆಯ ಕರೆಂಟ್ ತೆಗೆಯಬೇಕೆಂದು ಗುರುತು ಹಾಕಿದೆ; ಅದು ನನ್ನ ಕೆಲಸ. ಅದರಲ್ಲಿ ನಮ್ಮ ಬೀದಿಯೂ ಇತ್ತು. ಮಗಳನ್ನು ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ.

ಮಗಳು ಮನೆಯಿಂದ ಮೆಟ್ಟಿಲಿಳಿದೇ ಕೆಳಗೆ ಹೋದಳು. ಇಳಿಯುವಾಗ ಲಿಫ್ಟಿನ ಒಳಗಿನಿಂದ ಯಾರೋ ಬಾಗಿಲು ಬಡಿಯುವ ಸದ್ದು ಕೇಳಿಸಿತಂತೆ. ಒಳಗಿದ್ದದ್ದು ಮೇಲಿನ ಮನೆಯ ಟೈಲರಮ್ಮ, ಮಗಳ ಸಮವಸ್ತ್ರ ಹೊಲಿದುಕೊಡುತ್ತಿದ್ದವರು, ಉಬ್ಬಸದವರು. ಬಾಗಿಲು ಒಡೆದು ತೆಗೆಯುವಷ್ಟರಲ್ಲಿ ಪ್ರಜ್ಞೆ ಇರಲಿಲ್ಲ. ಇನ್ನೂ ಆಸ್ಪತ್ರೆಯಲ್ಲಿದ್ದಾರೆ, ಮಾತು ಬಂದಿಲ್ಲ.

ಮಗಳು ಈಗ ಮನೆಯ ಯಾವ ಬಾಗಿಲನ್ನೂ ಮುಚ್ಚಲು ಬಿಡುವುದಿಲ್ಲ, ಬಚ್ಚಲಮನೆಯದನ್ನೂ. ನಿನ್ನೆ ತಿಂಡಿ ತಿನ್ನುತ್ತಾ ಕೇಳಿದಳು: "ಅಪ್ಪಾ, ಕರೆಂಟ್ ಹೋಗುತ್ತೆ ಅಂತ ನಿಂಗೆ ಮೊದಲೇ ಹೇಗೆ ಗೊತ್ತಿತ್ತು?" ನಾನು ತಟ್ಟೆ ತೊಳೆಯಲು ಎದ್ದುಹೋದೆ.

ವಿಚಾರಣೆ ಶುರುವಾಗಿದೆ. ಆ ಫೋನ್ ಲೈನಿನಲ್ಲಿ ಆಡಿದ್ದೆಲ್ಲ ರೆಕಾರ್ಡ್ ಆಗುತ್ತದೆಂದು ನಿನಗೂ ಗೊತ್ತಿತ್ತು. ಆದರೂ ತಾಯಿ ಕರುಳು. ಸೋಮವಾರ ನನ್ನನ್ನು ಕಿಟಕಿಯಿಲ್ಲದ ಕೋಣೆಯಲ್ಲಿ ಕೂರಿಸಿ, ನಿನ್ನ ಪಿಸುಮಾತನ್ನು ದೊಡ್ಡದು ಮಾಡಿ ಮತ್ತೆ ಮತ್ತೆ ಕೇಳಿಸಿದರು. ಫೋನ್ ಎತ್ತಿದ್ದು ಯಾರೆಂದು ನಿಮ್ಮ ಕಂಪನಿ ಬಾಯಿಬಿಟ್ಟಿಲ್ಲವಂತೆ. ಇದು ಯಾರ ದನಿ, ಯಾರ ಮಗಳು ಎಂದು ಕೇಳಿದರು.

ನಿನ್ನ ಮೇಲಿನವರು ನಿನ್ನನ್ನು ಮುಂದೆ ತಳ್ಳಿ ಕೈತೊಳೆದುಕೊಳ್ಳುತ್ತಾರೆ. ಅದಕ್ಕೆ ಮುಂಚೆ ನೀನೇ ಹೋಗು. ಘಟಕ ನಿಲ್ಲಿಸಲು ಹೇಳಿದವರು ಯಾರೆಂದು ಹೇಳಿಬಿಡು. ನಮ್ಮ ಮನೆಯೆದುರು ನಿನ್ನೆಯಿಂದ ಒಂದು ಕಾರು ನಿಂತಿದೆ, ಒಳಗಿರುವವರು ಇಳಿಯುವುದೇ ಇಲ್ಲ. ಅವರು ಯಾರ ಕಡೆಯವರೋ ತಿಳಿಯದು. ಮಗಳನ್ನು ಇವತ್ತು ಬೆಳಿಗ್ಗೆ ನಿನ್ನ ಅಕ್ಕನ ಮನೆಗೆ ಕಳಿಸಿದ್ದೇನೆ.

ಹುಷಾರಾಗಿರು. ಗುರುತಿಲ್ಲದವರಿಗೆ ಬಾಗಿಲು ತೆಗೆಯಬೇಡ.

ಇಂತಿ,
ಮಗಳ ಅಪ್ಪ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಸೋಮವಾರ ಆ ಕೋಣೆಯಿಂದ ಹೊರಬರುವ ಮೊದಲು ನಿನ್ನ ಹೆಸರು ಹೇಳಿದ್ದೇನೆ. ಆ ಪಿಸುಮಾತು ನನಗೆ ಆವತ್ತು ಕೇಳಿಸಿರಲೇ ಇಲ್ಲ ಎಂದೂ ಹೇಳಿದ್ದೇನೆ. ನಾನು ಫೋನ್ ಮಾಡಿದ್ದು ಮಗಳಿಗೆ ಗೊತ್ತು. ಅವಳನ್ನು ಅವರು ಇನ್ನೂ ವಿಚಾರಣೆಗೆ ಕರೆದಿಲ್ಲ.