ಟಾವೆಲ್ ಕ್ಲಾಸನ್ನು ಯಾರನ್ನು ಕೇಳಿ ಬಿಟ್ಟುಕೊಟ್ಟಿರಿ?

ಸರ್,

'ಪೂಜ್ಯ ಗುರುಗಳಿಗೆ' ಅಂತ ಶುರು ಮಾಡಬೇಕಿತ್ತು, ಗೊತ್ತು. ಇವತ್ತು ಆ ಮನಸ್ಸಿಲ್ಲ. ನಿಮ್ಮ ಮೇಲೆ ಸಿಟ್ಟು ಬಂದಿದೆ. ಸತ್ತವರ ಮೇಲೆ ಸಿಟ್ಟು ಮಾಡಬಾರದು ಅನ್ನುತ್ತಾಳೆ ನಮ್ಮವ್ವ. ಯಾಕೆ ಮಾಡಬಾರದು? ಬದುಕಿದ್ದಾಗ ಸಿಟ್ಟು ಮಾಡಲು ನೀವೇನು ಬಿಟ್ಟಿರಾ? ನಾನು ದನಿ ಏರಿಸಿದ ಕೂಡಲೇ 'ಬಂತು ನೋಡು ಗಂಜಿನ ಗಂಟಲು' ಎಂದು ನಗುತ್ತಿದ್ದಿರಿ. ನೆಹರು ಗಂಜಿನ ಕಾಳಿನ ಪೇಟೆಯಲ್ಲಿ ಅಡತಿ ಅಂಗಡಿ ಇಟ್ಟವನ ಮಗಳು ನಾನು, ಗಂಟಲು ದೊಡ್ಡದಿರದೆ ಇನ್ನೇನು? ಆದರೆ ಆ ನಗು ಕೇಳಿದರೆ ನನ್ನ ಸಿಟ್ಟು ಅರ್ಧಕ್ಕೇ ನಿಂತುಬಿಡುತ್ತಿತ್ತು. ಇವತ್ತು ನೀವು ನಗುವ ಹಾಗಿಲ್ಲ. ಪೂರ್ತಿ ಕೇಳಬೇಕು.

ನಿಮ್ಮ ಕ್ಲಾಸಿನ ಮೊದಲ ದಿನ ನೆನಪಿದೆಯಾ? ನಮ್ಮದು ಬಿ.ಎ. ಕೊನೆಯ ವರ್ಷ. ಇಂಗ್ಲಿಷ್ ಕಾದಂಬರಿಗಳಲ್ಲಿ, ಸಿನಿಮಾಗಳಲ್ಲಿ ಒಬ್ಬ ಮನುಷ್ಯನನ್ನು ಅವನ ಮಾತು ಹೇಗೆ ಕಟ್ಟುತ್ತದೆ ಅನ್ನುವುದು ನಿಮ್ಮ ಐಚ್ಛಿಕ ಪತ್ರಿಕೆ. ಏನೋ ಭಾರೀ ಇಂಗ್ಲಿಷ್ ಉದುರುತ್ತದೆ ಅಂತ ಪೆನ್ನು ಹಿಡಿದು ಕೂತಿದ್ದೆವು. ನೀವು ಕಮಲಾಪುರದ ಬಸ್ಸಿಳಿದು ಬೆವರು ಒರೆಸಿಕೊಳ್ಳುತ್ತ ಬಂದಿರಿ, ಟಿ.ವಿ.ಯಲ್ಲಿ ಒಂದು ಸಿನಿಮಾ ಹಚ್ಚಿದಿರಿ, ಹೆಗಲ ಮೇಲಿನ ಟಾವೆಲ್ ತೆಗೆದು ಪರದೆಗೇ ಹೊದಿಸಿಬಿಟ್ಟಿರಿ. ಇಡೀ ಕ್ಲಾಸು ನಕ್ಕಿತು. ನೀವು ನಗಲಿಲ್ಲ. 'ಈಗ ಹೇಳ್ರಿ, ಯಾರು ಕೂತಾರ, ಯಾರು ನಿಂತಾರ, ಮನಿ ಯಾರದು?' ಅಂದಿರಿ. ಬರೀ ಮಾತು ಕೇಳಿ ಅದೆಲ್ಲ ಹೇಗೆ ತಿಳಿಯಬೇಕು? ಆದರೆ ಅದೇ ತುಣುಕನ್ನು ಮತ್ತೆ ಮತ್ತೆ ಕೇಳಿದಾಗ ತಿಳಿಯಿತು ಸರ್. ಯಾರು ನಡುವೆ ಬಾಯಿ ಹಾಕುತ್ತಾರೆ, ಯಾರು ಅರ್ಧಕ್ಕೇ ಬಿಡುತ್ತಾರೆ, ಯಾರ ಪ್ರಶ್ನೆಗೆ ಯಾರೂ ಉತ್ತರ ಕೊಡುವುದಿಲ್ಲ... ಕಾದಂಬರಿ ಓದುವಾಗ ಮಾತಿನ ಪಕ್ಕದ ಹೆಸರುಗಳ ಮೇಲೆ ಕಾಗದದ ಪಟ್ಟಿ ಇಡುತ್ತಿದ್ದಿರಿ. ಯಾರ ಮಾತು ಅಂತ ನಮಗೆ ತಿಳಿಯದಿದ್ದರೆ ಬರೆದವನೇ ನಾಪಾಸು. ಪತ್ರಿಕೆಗೊಂದು ಉದ್ದನೆಯ ಇಂಗ್ಲಿಷ್ ಹೆಸರಿತ್ತು, ಅದನ್ನು ಯಾರೂ ಅನ್ನಲಿಲ್ಲ. ಎಲ್ಲರಿಗೂ ಅದು ಟಾವೆಲ್ ಕ್ಲಾಸು.

ಒಂದು ಸಲ ನಮ್ಮನ್ನೆಲ್ಲ ಗಂಜಿಗೇ ಕರೆದುಕೊಂಡು ಬಂದಿರಲ್ಲ, ಅದಂತೂ ನಮ್ಮ ಮನೆಯಲ್ಲಿ ಇವತ್ತಿಗೂ ಕಥೆ. ತೊಗರಿಯ ಸುಗ್ಗಿ, ಚೀಲಗಳ ನಡುವೆ ಕಾಲಿಡಲು ಜಾಗವಿಲ್ಲ. ನೀವು ನಮ್ಮನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಕಣ್ಣು ಮುಚ್ಚಿಸಿದಿರಿ. ಕನ್ನಡ, ದಖನಿ ಉರ್ದು, ನಡುನಡುವೆ ಮರಾಠಿ. ಯಾರು ಮಾರಲು ಬಂದವನು, ಯಾರು ಕೊಳ್ಳುವವನು, ಯಾರಿಗೆ ಅವಸರ ಇದೆ, ಯಾರು ಅವಸರ ಇಲ್ಲದವನ ಹಾಗೆ ನಾಟಕ ಮಾಡುತ್ತಿದ್ದಾನೆ, ಹೇಳಿ ಅಂದಿರಿ. ನಮ್ಮಪ್ಪ ಅಂಗಡಿಯಿಂದ ಎದ್ದು ಬಂದು, ಕಣ್ಣು ಮುಚ್ಚಿ ನಿಂತ ಮಗಳನ್ನು ನೋಡಿ ಗಾಬರಿಯಾದ. ಆಮೇಲೆ ನನ್ನ ಕಿವಿಯಲ್ಲಿ, 'ನಿಮ್ಮ ಸರ್‌ಗ ಇದಕ್ಕ ಪಗಾರ ಕೊಡ್ತಾರೇನವಾ?' ಅಂದ. ನಿಮಗೂ ಕೇಳಿಸಿತ್ತು. ಅಪ್ಪನ ಕೈಯಿಂದಲೇ ಚಹಾ ಕುಡಿದು ಹೋದಿರಿ.

ನಿಮಗೂ ಸಿಟ್ಟು ಬರುತ್ತಿತ್ತು, ನೆನಪಿರಲಿ. ಇಂಗ್ಲಿಷ್ ಕಾದಂಬರಿಯಲ್ಲಿ ದೊರೆ ಉದ್ದುದ್ದ ವಾಕ್ಯ ಮಾತಾಡುತ್ತಾನೆ, ಅಡುಗೆಯವನ ಬಾಯಿಗೆ ಬರೀ ಮುರಿದ ಇಂಗ್ಲಿಷ್ ತುರುಕಿರುತ್ತಾರೆ. ಅದನ್ನು ಓದಿ ನಮ್ಮವರೇ ಕಿಸಕ್ಕನೆ ನಕ್ಕಾಗ ನೀವು ಪುಸ್ತಕ ಮೇಜಿಗೆ ಬಡಿದಿರಿ. ಆ ಅಡುಗೆಯವನು ಮನೆಗೆ ಹೋಗಿ ಹೆಂಡತಿಯ ಹತ್ತಿರವೂ ಹೀಗೇ ತೊದಲುತ್ತಾನಾ? ಅವನಿಗೆ ತನ್ನದೊಂದು ಭಾಷೆ ಇಲ್ಲವಾ? ಅದನ್ನು ಕೇಳಿಸಿಕೊಳ್ಳುವ ಕಿವಿ ಬರೆದವನಿಗೆ ಇಲ್ಲದಿದ್ದರೆ ಅದು ಅಡುಗೆಯವನ ತಪ್ಪಾ? ಮನೆಯಲ್ಲಿ ಹೆಂಡತಿ, ನಮ್ಮೆಲ್ಲರ ಕಾಕುವಿನ ಜೊತೆ ಮರಾಠಿ, ಓಣಿಯಲ್ಲಿ ಕಮಲಾಪುರದ ಕನ್ನಡ, ಸಂತೆಯಲ್ಲಿ ದಖನಿ, ನಮ್ಮೆದುರು ಇಂಗ್ಲಿಷ್ ಆಡುತ್ತಿದ್ದ ಮನುಷ್ಯ ನೀವು. ಒಂದು ಭಾಷೆಯಲ್ಲಿ ಎಡವಿದವನನ್ನು ದಡ್ಡ ಅಂದರೆ ನಿಮಗೆ ಮೈಯೆಲ್ಲ ಉರಿಯುತ್ತಿತ್ತು.

ಈಗ ಆ ಸಿನಿಮಾದ ಚಹಾ ಸೀನಿಗೆ ಬರುತ್ತೇನೆ. ಅದಕ್ಕಾಗಿಯೇ ಇಷ್ಟು ಬರೆದದ್ದು. ದೊಡ್ಡ ಮನೆ, ಮೇಜಿನ ಸುತ್ತ ಮನೆಮಂದಿ, ಬಹಳ ವರ್ಷದಿಂದ ಇದ್ದ ಆಳುಹೆಂಗಸನ್ನು ಇನ್ನು ಎಲ್ಲಿಗೆ ಕಳಿಸುವುದು ಅಂತ ಚರ್ಚೆ. ಎಲ್ಲರದೂ ಸಕ್ಕರೆಯಂಥ ಮಾತು, ಎಲ್ಲರೂ ಅವಳ ಒಳ್ಳೆಯದಕ್ಕೇ. ಟಾವೆಲ್ ಹೊದ್ದ ಪರದೆಯಿಂದ ನಮಗೆ ಕೇಳಿದ್ದು ಅವರ ದನಿಗಳು, ನಡುವೆ ಚಹಾದ ಕಪ್ಪು-ಬಸಿಯ ಸದ್ದು, ಅಷ್ಟೇ. ಸೀನು ಯಾರದು ಅಂತ ಕೇಳಿದಿರಿ. ಅತಿ ಹೆಚ್ಚು ಮಾತಾಡಿದ ಯಜಮಾನತಿಯದು ಅಂದೆವು. ನೀವು ಟಾವೆಲ್ ಎಳೆದಿರಿ. ಆ ಹೆಂಗಸು ಅಲ್ಲೇ ಇದ್ದಳು, ಚಹಾ ಬಗ್ಗಿಸುತ್ತ. 'ಮಾತೆಲ್ಲ ಅಕೀ ಬಗ್ಗೇನ, ಅಕೀನ್ನ ಯಾರೂ ಕೇಳಿಲ್ಲ. ಇದನ್ನ ಬರ್ಕೋರಿ,' ಅಂದಿರಿ. ಬರೆದುಕೊಂಡೆ ಸರ್. ನನ್ನ ವಿದ್ಯಾರ್ಥಿಗಳಿಗೂ ಬರೆಸಿದ್ದೇನೆ. ನೀವೇ ಮರೆತಿರಿ.

ಕಳೆದ ಜೂನಿನಲ್ಲಿ ಕಾಲೇಜು ತೆರೆದಾಗ ನೀವಿರಲಿಲ್ಲ. ಬೇಸಿಗೆಯ ರಜೆಯಲ್ಲೇ ಕಮಲಾಪುರದಲ್ಲಿ ಎದೆನೋವು ಅಂದವರು ಎದ್ದಿರಲಿಲ್ಲ. ವೇಳಾಪಟ್ಟಿಯಲ್ಲಿ ಟಾವೆಲ್ ಕ್ಲಾಸೂ ಇರಲಿಲ್ಲ. ಅದರ ಜಾಗದಲ್ಲಿ ಎಲ್ಲ ವಿಭಾಗದವರಿಗೂ ಕಡ್ಡಾಯವಾದ ಸಂವಹನ ಕೌಶಲ ಬಂದಿತ್ತು. ಅದರ ತಾಸುಗಳು ಬಹಳ, ಅದೇ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾದ ನನ್ನ ಪಾಲಿಗೂ ಕೈತುಂಬ ಬಂದವು. ಅದರ ಪಠ್ಯದಲ್ಲಿ ರವಿ ಅನ್ನುವವನು ಬ್ಯಾಂಕಿನ ಗುಮಾಸ್ತನ ಜೊತೆ ಇಂಗ್ಲಿಷ್‌ನಲ್ಲಿ ಮಾತಾಡುತ್ತಾನೆ. ಹೆಸರಿನ ಮೇಲೆ ಕಾಗದದ ಪಟ್ಟಿ ಇಟ್ಟು ನೋಡಿದೆ. ರವಿ ಯಾರು, ಗುಮಾಸ್ತ ಯಾರು, ದೇವರಿಗೇ ಗೊತ್ತು. ಇಬ್ಬರೂ ಇಸ್ತ್ರಿ ಮಾಡಿದ ಅಂಗಿಯ ಹಾಗೆ. ಸರ್ ಹೋದದ್ದೇ ತಡ, ವಿಭಾಗದ ಮುಖ್ಯಸ್ಥರು ಅವರ ಕ್ಲಾಸನ್ನು ಮುಗಿಸಿದರು ಅಂತ ಹಲ್ಲು ಕಡಿದೆ. ಎಷ್ಟು ಬೈದಿದ್ದೇನೆ ಆ ಮನುಷ್ಯನನ್ನು, ಮನಸ್ಸಿನಲ್ಲೇ!

ಆ ತಿಂಗಳ ಕೊನೆಗೆ ನಡೆದ ನಿಮ್ಮ ಸಂತಾಪ ಸಭೆಯಲ್ಲಿ ಅದೇ ಮುಖ್ಯಸ್ಥರು ಎದ್ದು ನಿಂತು ನಿಮ್ಮ ದೊಡ್ಡತನವನ್ನು ಹೊಗಳಿದರು. ನಮ್ಮ ಹುಡುಗರಿಗೆ ಗುಡ್ ಮಾರ್ನಿಂಗ್ ನೆಟ್ಟಗೆ ಹೇಳಲು ಬರುವುದಿಲ್ಲ, ಸಿನಿಮಾದ ಮಾತು ಬಿಡಿಸಿ ಏನು ಮಾಡುತ್ತಾರೆ ಅಂತ ತಾವು ಮೊದಲಿನಿಂದ ಹೇಳುತ್ತಿದ್ದರಂತೆ. ನೀವು ಒಪ್ಪಿರಲಿಲ್ಲವಂತೆ. ಕೊನೆಗೆ ಮಾರ್ಚಿನ ಪಠ್ಯಕ್ರಮದ ಮೀಟಿಂಗಿನಲ್ಲಿ, ಹೊಸ ಪತ್ರಿಕೆ ಬಾರದಿದ್ದರೆ ತಾಸು ಸಾಲದೆ ಶರಣಮ್ಮನವರ, ಅಂದರೆ ನನ್ನ, ಹೆಸರೇ ಅತಿಥಿ ಉಪನ್ಯಾಸಕರ ಪಟ್ಟಿಯಿಂದ ಬೀಳುತ್ತದೆ ಅಂದಾಗ ನೀವು ಒಂದೇ ಮಾತಿಗೆ ಬಿಟ್ಟುಕೊಟ್ಟಿರಂತೆ. ತಮ್ಮ ವಿದ್ಯಾರ್ಥಿನಿಗಾಗಿ ಎಂಥ ತ್ಯಾಗ, ಅಂದರು. ಸಭೆಯೆಲ್ಲ ನನ್ನ ಕಡೆ ತಿರುಗಿ ಮುಗುಳ್ನಕ್ಕಿತು. ನಾನು ಕೈಮುಗಿದು ಕೂತಿದ್ದೆ ಸರ್. ನೆಲ ಬಿರಿದರೆ ಸಾಕಿತ್ತು ಅನ್ನಿಸಿತು.

ಮರುದಿನವೇ ಕಮಲಾಪುರದ ಬಸ್ಸು ಹತ್ತಿದೆ. ಕಾಕು ಪಡಸಾಲೆಯಲ್ಲಿ ಒಬ್ಬರೇ ಇದ್ದರು. ನನ್ನ ಮುಖ ನೋಡಿಯೇ ಯಾಕೆ ಬಂದೆ ಅಂತ ಅವರಿಗೆ ಗೊತ್ತಾಯಿತು. ಕೈಗೊಂದು ಕೆಂಪು ಬಾಳೆಹಣ್ಣು ಕೊಟ್ಟು ಕೂಡಿಸಿದರು. ನಾನು ಕೇಳಿದ್ದು ಒಂದೇ, ಸರ್ ನನಗೆ ಯಾಕೆ ಹೇಳಲಿಲ್ಲ ಅಂತ. ಕಾಕು ಸೆರಗಿನಿಂದ ಕಣ್ಣೊರೆಸಿಕೊಂಡರು.

'ನಾನೂ ಅಂದೆನವಾ, ಆ ಹುಡುಗೀಗೆ ಒಂದು ಮಾತು ಕೇಳ್ರಿ ಅಂತ. ಕೇಳಿದ್ರ ಅಕಿ ಬ್ಯಾಡ ಅಂತಾಳ, ಅಂದ್ರು. ಟಾವೆಲ್ ಝಾಡಿಸಿ ಹೆಗಲಿಗೆ ಹಾಕ್ಕೊಂಡು ಹೊರಗ ಹೋಗಿಬಿಟ್ರು.'

ಆ ಹಣ್ಣನ್ನು ತಿನ್ನಲಾಗಲಿಲ್ಲ. ಬಸ್ಸಿನಲ್ಲಿ ಕೈಯಲ್ಲೇ ಹಿಡಿದುಕೊಂಡು ಬಂದೆ.

ಬಸ್ಸಿನಲ್ಲೇ ಆ ಮಾರ್ಚಿನ ಮಧ್ಯಾಹ್ನ ನೆನಪಾಯಿತು. ಅವತ್ತು ಜವಾನ ರಜೆಯಲ್ಲಿದ್ದ. ಇಂಥ ದಿನ ಮೀಟಿಂಗಿಗೆ ಚಹಾ ಒಯ್ಯುವುದು ಅತಿಥಿ ಉಪನ್ಯಾಸಕರೇ, ಅದರಲ್ಲೂ ಹೆಣ್ಣುಮಕ್ಕಳೇ, ನಿಮಗೆ ಗೊತ್ತಿದ್ದದ್ದೇ. ನಾನು ಟ್ರೇ ಹಿಡಿದು ಒಳಗೆ ಬಂದ ಕೂಡಲೇ ಮಾತು ನಿಂತಿತು. ಮುಖ್ಯಸ್ಥರು ಕಾಗದ ತಿರುವಿದರು. ನೀವು 'ಅಲ್ಲಿಡವಾ' ಅಂದು ಕಿಟಕಿಯ ಕಡೆ ನೋಡಿದಿರಿ. ನಾನು ಒಂದೊಂದೇ ಕಪ್ಪು ಇಟ್ಟು ಬಾಗಿಲು ಎಳೆದುಕೊಂಡು ಬಂದೆ. ಸೆಖೆಗೆ ಸರ್‌ಗೆ ದಣಿವಾಗಿದೆ ಪಾಪ ಅಂದುಕೊಂಡೆ! ನನ್ನದೇ ಸೀನು, ನಾನೇ ಚಹಾ ಬಗ್ಗಿಸಿದೆ. ಟಾವೆಲ್ ಹಾಕಿ ಕೇಳಿದರೆ ಆ ಕೋಣೆಯಲ್ಲಿ ನನ್ನದು ಅಂತ ಏನಿತ್ತು ಸರ್, ಕಪ್ಪು-ಬಸಿಯ ಸದ್ದಲ್ಲದೆ?

ಬೇರೆ ಯಾರಾದರೂ ಮಾಡಿದ್ದರೆ ಬೈದು ಬಿಡುತ್ತಿದ್ದೆ. ನೀವು ಮಾಡಿದಿರಿ! ಪಾತ್ರದ ಬಾಯಿಗೆ ತನ್ನ ಮಾತು ತುರುಕುವ ಬರಹಗಾರನನ್ನು ವರ್ಷಗಟ್ಟಲೆ ಝಾಡಿಸಿದ ನೀವು. ಕೇಳಿದರೆ ಬೇಡ ಅನ್ನುತ್ತಾಳೆ ಅಂತ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ಹಾಗಾದರೆ ನನ್ನ ಉತ್ತರ ನಿಮಗೆ ಗೊತ್ತಿತ್ತಲ್ಲ? ಗೊತ್ತಿದ್ದೂ ಅದನ್ನು ಕಸದ ಬುಟ್ಟಿಗೆ ಹಾಕಿದಿರಿ. ಪ್ರೀತಿ ಅನ್ನಬೇಡಿ. ಆ ಸಿನಿಮಾದ ಮೇಜಿನ ಸುತ್ತ ಕೂತವರೂ ಪ್ರೀತಿ ಅಂತಲೇ ಅಂದರು. ನನ್ನ ಮನೆಯ ಕಷ್ಟ ನಿಮಗೆ ಗೊತ್ತಿತ್ತು, ಅಪ್ಪ ಹಾಸಿಗೆ ಹಿಡಿದದ್ದು, ಅಂಗಡಿ ಮುಚ್ಚಿದ್ದು, ಎಲ್ಲ ಗೊತ್ತಿತ್ತು. ನಿಮ್ಮ ಕರುಳು ಎಂಥದ್ದು ಅಂತ ನನಗೂ ಗೊತ್ತು. ಅದಕ್ಕೇ ಇಷ್ಟು ಉರಿಯುವುದು. ವರ್ಷವಿಡೀ ರವಿಯನ್ನೂ ಗುಮಾಸ್ತನನ್ನೂ ಕಲಿಸಿದೆ, ಪ್ರತಿ ತಾಸಿಗೂ ನಿಮ್ಮ ಕ್ಲಾಸಿನ ಮೇಲೆ ಕಾಲಿಟ್ಟು ನಿಂತ ಹಾಗೆ ಅನ್ನಿಸುತ್ತಿತ್ತು. ಒಂದು ವರ್ಷ ಹಾಗೆ ನಿಂತೆ ಸರ್...

ಹೋದ ವಾರ ಮತ್ತೆ ಅದೇ ಮೀಟಿಂಗು. ಜವಾನನಿದ್ದ, ಆದರೂ ಟ್ರೇ ನಾನೇ ಕೇಳಿ ಇಸಿದುಕೊಂಡೆ. ಕಪ್ಪುಗಳನ್ನೆಲ್ಲ ಇಟ್ಟೆ. ಆಮೇಲೆ ಹೊರಗೆ ಬರಲಿಲ್ಲ, ಗೋಡೆಯ ಪಕ್ಕದ ಕುರ್ಚಿ ಎಳೆದು ಮೇಜಿನ ಹತ್ತಿರ ಹಾಕಿಕೊಂಡು ಕೂತೆ. ಚಹಾ ಬಂತಲ್ಲ, ಇನ್ನು ನೀವು ಹೋಗಬಹುದು ಅಂದರು ಮುಖ್ಯಸ್ಥರು. ಒಂದು ಮಾತು ಹೇಳಲಿಕ್ಕಿದೆ ಅಂದೆ. ಹೊರಗಿನಿಂದ ಬಂದಿದ್ದ ವಯಸ್ಸಾದ ಮೇಡಂ ಒಬ್ಬರು, ಹೇಳಲಿ ಬಿಡಿ ಅಂದರು. ಕೌಶಲದ ಪಠ್ಯ ತೆಗೆದು ಹೆಸರು ಮುಚ್ಚಿ ಓದಿ, ರವಿ ಯಾರು ಗುಮಾಸ್ತ ಯಾರು ಅಂತ ಅವರನ್ನೇ ಕೇಳಿದೆ. ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ನೀವು ಕಲಿಸುತ್ತಿದ್ದ ಕಾದಂಬರಿಯ ಒಂದು ಪುಟ ಓದಿದೆ, ಹೆಸರು ಮುಚ್ಚಿಯೇ. ಒಡೆಯ ಯಾರು, ಹೆದರಿದವರು ಯಾರು, ಸುಳ್ಳು ಹೇಳುವವರು ಯಾರು, ಥಟ್ಟನೆ ಅಂದರು. ಮೇಡಂ ಅಂತೂ ಪುಟ ಮುಗಿಯುವ ಮುಂಚೆಯೇ. ನಮ್ಮ ಹುಡುಗರಿಗೂ ಈ ಕಿವಿ ಬೇಕು, ಗುಡ್ ಮಾರ್ನಿಂಗ್ ಒಂದೇ ಸಾಲದು ಅಂದೆ. ಗಂಜಿನ ಗಂಟಲಿನಲ್ಲೇ ಅಂದೆ.

ಮುಖ್ಯಸ್ಥರು ಕೆಟ್ಟವರಲ್ಲ ಸರ್, ಲೆಕ್ಕದ ಮನುಷ್ಯ. ಐಚ್ಛಿಕ ಪತ್ರಿಕೆ ಮರಳಿ ತಂದರೆ ಕೌಶಲದ ತಾಸುಗಳು ಕಡಿಮೆಯಾಗುತ್ತವೆ, ಮೊದಲು ಬೀಳುವುದು ನನ್ನ ಹೆಸರೇ, ಐಚ್ಛಿಕವನ್ನು ಕಲಿಸುವವರೂ ಕಾಯಂ ಉಪನ್ಯಾಸಕರೇ, ಅಂತ ಬಿಡಿಸಿ ಹೇಳಿದರು. ಆಮೇಲೆ ಕನ್ನಡಕ ತೆಗೆದು ಕೇಳಿದರು, 'ನೀವಾ ಹೇಳ್ರಿ ಶರಣಮ್ಮ. ಆ ತಾಸು ನಿಮಗ ಬೇಕೋ, ಬ್ಯಾಡೋ?'

ಜೂನಿನಿಂದ ಟಾವೆಲ್ ಕ್ಲಾಸು ಮತ್ತೆ ಶುರು. ಕಲಿಸುವವನು ಈಗಷ್ಟೇ ಕಾಯಂ ಆಗಿ ಬಂದ ಹುಡುಗ, ಕಾಕು ಕೊಟ್ಟ ನಿಮ್ಮ ಟಾವೆಲನ್ನು ಅವನಿಗೆ ಕೊಟ್ಟು, ಪರದೆಗೆ ಹೊದಿಸುವುದು ಹೇಗೆ ಅಂತ ತೋರಿಸಿ ಬರುತ್ತೇನೆ. ನಾನು ಐವಾನ್-ಎ-ಶಾಹಿ ಬಡಾವಣೆಯಲ್ಲಿ ಮನೆಪಾಠಕ್ಕೆ ಮಕ್ಕಳನ್ನು ಹುಡುಕುತ್ತಿದ್ದೇನೆ. ಹೇಗೋ ಆಗುತ್ತದೆ. ಕೇಳಿದರೆ ಬೇಡ ಅನ್ನುತ್ತಾಳೆ ಅಂದಿದ್ದಿರಲ್ಲ, ಖರೇ ಸರ್. ಕೇಳಿದರು, ಬೇಡ ಅಂದೆ. ನೀವೇ ಕೇಳಿದ್ದರೆ ನಿಮ್ಮೆದುರಿಗೇ ಅನ್ನುತ್ತಿದ್ದೆ. ನೀವು ನಗುತ್ತಿದ್ದಿರಿ, ನಾನು ಇನ್ನಷ್ಟು ದನಿ ಏರಿಸುತ್ತಿದ್ದೆ, ಆಮೇಲೆ ಇಬ್ಬರೂ ಕೂತು ಚಹಾ ಕುಡಿಯುತ್ತಿದ್ದೆವು.

ಶರಣಮ್ಮ