ರಸ್ತೆ ಬದಿಯ ಹುಲ್ಲು

ಲಾರ್ಕಿನ್ ಕೌಂಟಿ, ಕಾನ್ಸಾಸ್
ಭಾನುವಾರ, ಜುಲೈ ೧೪, ೧೯೯೧

ಪ್ರೀತಿಯ ಗಿಲ್ಬರ್ಟ್,

ನಿನ್ನ ಸೊಂಟ ಹೇಗಿದೆ? ಹಗಲಿಡೀ ಕಟಾವು ಯಂತ್ರದ ಮೇಲೆ ಕೂತವನು ಸಂಜೆಯಾದರೂ ನಾಲ್ಕು ಹೆಜ್ಜೆ ನಡೆಯಬೇಕು. ಡಕೋಟಾದಲ್ಲಿ ಗೋಧಿ ಇನ್ನೂ ಹಸಿಯಿದೆ ಎಂದು ರೇಡಿಯೊದಲ್ಲಿ ಕೇಳಿದೆ. ಕಾಯುವ ದಿನಗಳಲ್ಲಿ ನಿನ್ನ ಕಟಾವು ತಂಡದ ಆ ಹುಡುಗರ ಜೊತೆ ಬಿಯರ್ ಕುಡಿಯುತ್ತ ಕೂರಬೇಡ. ನೀನು ಬರುವ ಹೊತ್ತಿಗೆಂದು ಎಲೆಕೋಸು, ಮಾಂಸ ತುಂಬಿದ ಬನ್ನು ಮಾಡಿ ಫ್ರೀಜರಿನಲ್ಲಿಟ್ಟಿದ್ದೇನೆ. ನಾನು ಚೆನ್ನಾಗಿದ್ದೇನೆ.

ಇನ್ನು ಸುದ್ದಿ. ಬೇರೆಯವರ ಬಾಯಿಂದ ಕೇಳುವ ಮೊದಲು ನಾನೇ ಹೇಳುತ್ತೇನೆ. ಹತ್ತು ವರ್ಷ ಉಳದೆ ಹುಲ್ಲು ಬಿಟ್ಟರೆ ಸರ್ಕಾರ ಹಣ ಕೊಡುತ್ತದೆ ಎಂದು ನೀನು ನನ್ನಿಂದ ಸಹಿ ಹಾಕಿಸಿ, ನೀನೂ ಹಾಕಿದೆಯಲ್ಲ, ಆ ಹೊಲದ ವಿಷಯ. ಫೆಸೆಂಟ್ ಹಕ್ಕಿಗಳು ಮೊಟ್ಟೆಯಿಟ್ಟು ಮರಿ ಮಾಡುವ ತನಕ, ಎಂದರೆ ಜುಲೈ ಮಧ್ಯದವರೆಗೆ, ಅಲ್ಲಿ ಹುಲ್ಲು ಕತ್ತರಿಸುವಂತಿಲ್ಲ. ಮೇ ತಿಂಗಳ ಕೊನೆಗೆ, ಎಲ್ಲರೂ ಸ್ಮಶಾನಕ್ಕೆ ಹೂವಿಡಲು ಹೋಗುವ ದಿನದ ಮುನ್ನಾದಿನ, ನಾನು ಟ್ರ್ಯಾಕ್ಟರ್ ಹತ್ತಿ ರಸ್ತೆಯುದ್ದಕ್ಕೂ ಅಂಚು ಕತ್ತರಿಸಿದೆ. ನಿಯಮ ಗೊತ್ತಿರಲಿಲ್ಲ ಎನ್ನಲಾರೆ. ನಿಮ್ಮಪ್ಪನ ಸಮಾಧಿಯಿರುವ ಸ್ಮಶಾನಕ್ಕೆ ಹೋಗುವ ಕಾರುಗಳೆಲ್ಲ ಅವರ ಹೊಲದ ಪಕ್ಕದಲ್ಲೇ ಹಾದುಹೋಗಬೇಕು. ಸೊಂಟದೆತ್ತರ ಕಳೆ ನಿಂತಿತ್ತು, ಯಾರೂ ದಿಕ್ಕಿಲ್ಲದ ಹೊಲದ ಹಾಗೆ. ಸಹಿಸಲಾಗಲಿಲ್ಲ.

ಹಣ ಕೊಡುವ ಸರ್ಕಾರಿ ಕಚೇರಿಯವರು ಕಂಡರು. ಮೊನ್ನೆ ಸಮಿತಿಯ ಮುಂದೆ ಕರೆದರು. ನಾವೇ ಓಟು ಹಾಕಿ ಆರಿಸಿದ ಮೂವರು ರೈತರು, ಅಧ್ಯಕ್ಷ ಲೀರಾಯ್ ಡ್ರೈಲಿಂಗ್. ನನ್ನ ಅಡುಗೆಮನೆಯಲ್ಲಿ ಎಷ್ಟು ಸಲ ಉಂಡಿಲ್ಲ ಅವನು! ಈ ವರ್ಷದ ಹಣ ತಡೆಹಿಡಿಯಬೇಕಾಗುತ್ತದೆ ಎನ್ನುವಾಗ ನನ್ನ ಮುಖ ನೋಡಲಿಲ್ಲ. ಆಮೇಲೆ ದನಿ ತಗ್ಗಿಸಿದ: “ಮುಳ್ಳುಗಿಡ ಎದ್ದಿತ್ತು, ಅದಕ್ಕೇ ಕತ್ತರಿಸ್ದೆ ಅಂತ ಒಂದ್ಮಾತು ಹೇಳ್ಬಿಡು ವರ್ನಾ. ಊರೆಲ್ಲ ಹರಡೋ ಕಳೆ ಅಂತ ಮುಳ್ಳುಗಿಡಕ್ಕೆ ವಿನಾಯಿತಿ ಇದೆ. ಬರ್ಕೊಂಡು ಎಲ್ರೂ ಊಟಕ್ಕೆ ಹೋಗೋಣ.”

“ನಮ್ಮ ಹೊಲದಲ್ಲಿ ಮುಳ್ಳುಗಿಡ ಎದ್ದಿದ್ದನ್ನ ನೀನು ಯಾವತ್ತಾದ್ರೂ ಕಂಡಿದ್ದೀಯೇನೋ?” ಎಂದೆ.

“ಇಲ್ಲ ಮಹಾರಾಯ್ತಿ, ಅದಕ್ಕೇ ತಾನೆ ನಿನ್ನ ಬಾಯಿಂದ ಹೇಳು ಅಂತ ಬೇಡ್ಕೊಳ್ತಿರೋದು!”

ಉಳಿದಿಬ್ಬರು ಕೆಮ್ಮಿದರು. ನಾನು ಕೈಚೀಲ ಎತ್ತಿಕೊಂಡು ಬಂದೆ. ನಿಮ್ಮಪ್ಪ ಮುಳ್ಳುಗಿಡವನ್ನು ಬೇರುಸಹಿತ ಅಗೆಯದೆ ತಿಂಡಿಗೆ ಬಂದವರಲ್ಲ. ಅವರ ಹೊಲಕ್ಕೆ ಆ ಹೆಸರು ನಾನು ತರುವುದೇ?

ಆದರೆ ಮನೆಗೆ ಬಂದ ಮೇಲೆ ಯೋಚಿಸುತ್ತಿದ್ದೇನೆ. ಏನನ್ನೂ ಬೆಳೆಯದಿದ್ದುದಕ್ಕೆ ಸಿಗುವ ಹಣ ಎಂದು ಇಲ್ಲಿ ಎಲ್ಲರೂ ನಗುತ್ತಾರೆ, ಎಲ್ಲರೂ ತೆಗೆದುಕೊಳ್ಳುತ್ತಾರೆ. ನಾನೂ ತೆಗೆದುಕೊಂಡೆ. ತೆಗೆದುಕೊಂಡ ಮೇಲೆ ಆ ಹುಲ್ಲಿನ ಮೇಲೆ ಹಕ್ಕಿಗೂ ನನ್ನಷ್ಟೇ ಹಕ್ಕು ಬಂತು ಎಂಬುದು ನನಗೆ ಹೊಳೆದಿರಲಿಲ್ಲ. ಒಡೆದ ಮೊಟ್ಟೆಗಳನ್ನು ಕಂಡಿದ್ದೆ. ಟ್ರ್ಯಾಕ್ಟರ್ ನಿಲ್ಲಿಸಲಿಲ್ಲ.

ನಿನ್ನ ಯಂತ್ರದ ಕಂತು ಈ ಹಣದಿಂದಲೇ ಕಟ್ಟಬೇಕು ಎಂಬುದು ನನಗೆ ಗೊತ್ತಿದೆ. ಅದನ್ನು ಮರೆತು ಮಾತಾಡಿದೆ ಎಂದುಕೊಳ್ಳಬೇಡ.

ದೇವರು ನಿನ್ನ ದಾರಿ ಕಾಯಲಿ. ಭಾನುವಾರದ ಪ್ರಾರ್ಥನೆ ತಪ್ಪಿಸಬೇಡ.

ನಿನ್ನ ತಾಯಿ,
ವರ್ನಾ ಸ್ಟೆಗ್‌ಮನ್

ಮತ್ತೊಂದು ಮಾತು: ಲಕೋಟೆ ಅಂಟಿಸುವ ಮುನ್ನ ಹೊಲಕ್ಕೆ ಹೋಗಿ ಬಂದೆ. ಮೋರಿಯ ಪಕ್ಕ, ಟ್ರ್ಯಾಕ್ಟರ್ ಹೋಗದ ಮೂಲೆಯಲ್ಲಿ, ಒಂದು ಮುಳ್ಳುಗಿಡ ಎದೆಯೆತ್ತರ ಬೆಳೆದು ಹೂ ಬಿಟ್ಟಿದೆ. ಅಗೆದು ಹಾಕಿದೆ. ಗುರುವಾರ ಸಮಿತಿ ಮತ್ತೆ ಕರೆದಿದೆ, ಲೀರಾಯ್ ಕೇಳಿಯೇ ಕೇಳುತ್ತಾನೆ. ಮುಳ್ಳುಗಿಡ ಇದೆಯೇ ಎಂದರೆ ಇತ್ತು ಎನ್ನಬೇಕು, ನಾಚಿಕೆಯಾದರೂ. ಅದಕ್ಕಾಗಿ ಕತ್ತರಿಸಿದೆಯಾ ಎಂದರೆ ಇಲ್ಲ ಎನ್ನುತ್ತೇನೆ. ಸಹಿ ನಿನ್ನದೂ ಇರುವುದರಿಂದ ನಿನಗೂ ಫೋನು ಬರುತ್ತದೆ. ಆಗ ನೀನು ಊರಲ್ಲಿರಲಿಲ್ಲ ಎಂದಷ್ಟೇ ಹೇಳು, ನನಗಾಗಿ ಏನೂ ಸೇರಿಸಬೇಡ. ಕಂತಿಗೆ ಬೇರೆ ದಾರಿ ಹುಡುಕು. ನನ್ನ ಕಾರು ಮಾರುತ್ತೇನೆ ಎಂದು ಪೇಟೆಯ ಕಾರು ವ್ಯಾಪಾರಿಗೆ ಆಗಲೇ ಹೇಳಿದ್ದೇನೆ, ವಾದ ಮಾಡಬೇಡ.